ಈರಮ್ಮನ ಬಾವಿಗೆ ಉಪ್ಪೋ, ಚಿಪ್ಪೋ?

ಕುಮಟಾ ತಾಲೂಕಿನ ತದಡಿ ಸಮೀಪದಲ್ಲಿರುವ ಈರಮ್ಮನ ಕುಡಿಯುವ ನೀರಿನ ಬಾವಿಗೆ ಕಾಯಿಲೆ ಬಂದಿದೆ ಎಂಬುದನ್ನು ಸಕ್ಷಮ ಸಮಿತಿಯು ಸ್ಥಳ ಪರಿಶೀಲನೆ ನಡೆಸಿ ದೃಢಪಡಿಸಿದೆ. ಈ ಬಗ್ಗೆ ಯಾರೂ ಅನುಮಾನ ಪಡತಕ್ಕದ್ದಲ್ಲ. ಸಮಿತಿಯ ಅಧ್ಯಕ್ಷ ನಾನೇ.

ನಾನು ಯಾರೆಂದು ಭಟ್ಕಳದಿಂದ ಕುಮಟಾದವರೆಗೆ ಯಾರಿಗೂ ಹೇಳಬೇಕಾದ್ದಿಲ್ಲ. ಈ ದೇವಪ್ಪ ಮಾವ ಕೆಮ್ಮಿದರೆ ಹೊನ್ನಾವರದ ಸೇತುವೆ ಮೇಲೆ ಲಾರಿಗಳು ಬ್ರೇಕ್ ಹಾಕುತ್ತವೆ. ಜಾಲಿ ಊರಿನ ದಂಡೆಯಲ್ಲಿ ಕೆಟ್ಟು ನಿಂತಿದ್ದ ದೋಣಿಯ ಎಂಜಿನ್ನನ್ನು ಬರೀ ಬೈದು ಸ್ಟಾರ್ಟ್ ಮಾಡಿದವ ನಾನು. ಇಂಥ ವೈಜ್ಞಾನಿಕ ಹಿನ್ನೆಲೆ ಇದ್ದುದರಿಂದಲೇ ನೀರಾವರಿ ಇಲಾಖೆಯ ಸಾಹೇಬರು ನನ್ನನ್ನು ಕರೆಸಿದ್ದು.

ಸಂಗತಿ ಸರಳ. ಹಿನ್ನೀರು ತಡೆಯಲೆಂದು ಗುತ್ತಿಗೆದಾರ ಮಾಬ್ಲೇಶ್ವರ ಕಟ್ಟಿದ ಹೊಸ ಒಡ್ಡು ಮೊದಲ ದೊಡ್ಡ ಭರತಕ್ಕೇ, ಅಂದರೆ ಸಮುದ್ರದ ಉಬ್ಬರಕ್ಕೇ, ಕರಗಿಹೋಯಿತು. ಅಘನಾಶಿನಿ ಹೊಳೆಯ ಉಪ್ಪುನೀರು ಗದ್ದೆ ದಾಟಿ ಈರಮ್ಮನ ಬಾವಿಗಿಳಿಯಿತು. ಈರಮ್ಮ ಕಚೇರಿಗೆ ಬಂದಳು.

"ಒಡ್ಡು ಕಟ್ಟಿಕೊಡಿ ಸಾಹೇಬ್ರೇ. ಚಾ ಮಾಡೂಕೂ ನೀರಿಲ್ಲ. ಮುಂದಿನ ಹುಣ್ಣಿಮೆ ಭರತ ಬಂದ್ರೆ ಬಾವಿ ಪೂರಾ ಹಾಳಾತು."

ಸಾಹೇಬರು ಯೋಚಿಸಿದರು. ಒಡ್ಡು ಒಡೆದಿದೆ ಎಂದು ಬರೆದರೆ ಮಾಬ್ಲೇಶ್ವರನನ್ನು ವಿಚಾರಿಸಬೇಕು. ವಿಚಾರಿಸಿದರೆ ಅವನು ಉತ್ತರ ಹೇಳಿಬಿಡುವ ಅಪಾಯವಿದೆ. ಅದೇ ಬಾವಿಗೆ ಕಾಯಿಲೆ ಎಂದರೆ ಯಾರ ಮೇಲೂ ತಪ್ಪಿಲ್ಲ. ಕಾಯಿಲೆ ದೇವರು ಕೊಡುವುದು. ಹೀಗಾಗಿ ಬಾವಿಗೆ ಹೋಮಿಯೋಪಥಿ ಚಿಕಿತ್ಸೆ ಮಂಜೂರಾಯಿತು. ಮದ್ದು ಕಡಿಮೆಯಾದಷ್ಟೂ ಶಕ್ತಿ ಹೆಚ್ಚು ಎಂಬ ಅದರ ತತ್ತ್ವ ಇಲಾಖೆಗೆ ಮೊದಲಿನಿಂದಲೂ ಹಿಡಿಸಿತ್ತು.

ಯಾವ ಮದ್ದು ಎಂಬಲ್ಲಿ ಭಿನ್ನಾಭಿಪ್ರಾಯ ಬಂತು. ಕುಮಟಾದ ಡಾಕ್ಟರ್ ನಾಗಪತಿ 'ನೇಟ್ರಂ ಮ್ಯೂರ್' ಎಂದರು. ಅಂದರೆ ನಾವು ಸಾರಿಗೆ ಹಾಕುವ ಉಪ್ಪು. ಹೊನ್ನಾವರದ ಡಾಕ್ಟರ್ ವೀಣಾ 'ಕಲ್ಕೇರಿಯಾ ಕಾರ್ಬ್' ಎಂದರು. ಅಂದರೆ ಚಿಪ್ಪಿನ ಸುಣ್ಣ. ಎರಡೂ ನಮ್ಮ ಹೊಳೆಯಂಚಿನಲ್ಲೇ ಬುಟ್ಟಿಗಟ್ಟಲೆ ಸಿಗುತ್ತವೆ. ಬುಟ್ಟಿಯಲ್ಲಿದ್ದರೆ ಅದು ಸರಕು. ಇಲ್ಲವೇ ಇಲ್ಲ ಎನ್ನುವಷ್ಟು ಕರಗಿಸಿ, ಕುಲುಕಿ, ಸಣ್ಣ ಸೀಸೆಗೆ ಹಾಕಿದರೆ ಮದ್ದು. ಇವೆರಡನ್ನು ಹೋಲಿಸಿ ನೋಡಲು ನನ್ನ ಸಮಿತಿ.

ನಾಗಪತಿ ಬಾವಿಕಟ್ಟೆಯ ಮೇಲೆ ಕೂತು ರೋಗಿಯ ವಿಚಾರಣೆ ಶುರುಮಾಡಿದರು.

"ರೋಗಿಗೆ ಒಬ್ಬರೇ ಇರುವುದು ಇಷ್ಟವೋ?"

"ಬಾವಿ ಅಲ್ರಾ ಅದು! ಎದ್ದು ಎಲ್ಲಿಗೆ ಹೋತದೆ?" ಎಂದಳು ಈರಮ್ಮ.

"ಏಕಾಂತಪ್ರಿಯ. ಇದು ಉಪ್ಪಿನ ಲಕ್ಷಣ. ದೇವಪ್ಪ ಮಾವ, ಒಂದು ಸಮಾಧಾನದ ಮಾತು ಹೇಳಿ ನೋಡಿ."

ನಾನು ಬಗ್ಗಿ, "ಹೆದರಬೇಡ, ನಾವಿದ್ದೇವೆ!" ಎಂದೆ. ಒಳಗಿನಿಂದ ಬಾವಿ "ಇದ್ದೇವೆ!" ಎಂದು ಗದರಿತು.

"ನೋಡಿ, ಸಮಾಧಾನ ಹೇಳಿದರೆ ಎದುರುತ್ತರ. ಖಂಡಿತ ಉಪ್ಪು!"

ವೀಣಾ ಒಪ್ಪಲಿಲ್ಲ. "ಮೈಕಟ್ಟು ನೋಡಿ. ದಪ್ಪ, ತಣ್ಣಗೆ, ಸದಾ ಬೆವರು. ಅಪ್ಪಟ ಚಿಪ್ಪಿನ ಪ್ರಕೃತಿ. ಚಿಪ್ಪಿನವರಿಗೆ ಮೊಟ್ಟೆ ಎಂದರೆ ಪ್ರಾಣ," ಎಂದು ಈರಮ್ಮನ ಕೋಳಿಗೂಡಿನಿಂದ ಒಂದು ಮೊಟ್ಟೆ ತಂದು ಬಾವಿಗೆ ಬಿಟ್ಟರು. ಮೊಟ್ಟೆ ಮುಳುಗಿತು.

"ನುಂಗಿತು!"

"ಹಸಿದವರು ಏನು ಕೊಟ್ಟರೂ ನುಂಗುತ್ತಾರೆ ಮೇಡಂ," ಎಂದರು ನಾಗಪತಿ.

"ಅಯ್ಯೋ, ನನ್ನ ಮೊಟ್ಟೆ!" ಎಂದಳು ಈರಮ್ಮ. ಇದನ್ನು ರೋಗಲಕ್ಷಣವೆಂದು ಪರಿಗಣಿಸಲಾಗಲಿಲ್ಲ.

ಅಷ್ಟರಲ್ಲಿ ಮಾಬ್ಲೇಶ್ವರ ಕೈಮುಗಿದು ಮುಂದೆ ಬಂದ. "ನಾನೂ ಇದೇ ಪದ್ಧತಿಯಲ್ಲೇ ಒಡ್ಡು ಕಟ್ಟಿದ್ದು ಡಾಕ್ಟ್ರೇ. ಸಿಮೆಂಟು ಕಡಿಮೆಯಾದಷ್ಟೂ ಶಕ್ತಿ ಹೆಚ್ಚು."

"ಸರಿಯಾಗಿ ಕುಲುಕಿದಿರೋ?" ಎಂದರು ನಾಗಪತಿ.

"ನಾನು ಕುಲುಕಲಿಲ್ಲ. ಸಮುದ್ರ ಕುಲುಕಿತು."

ಇಬ್ಬರು ಡಾಕ್ಟರರೂ ಅವನನ್ನು ಗೌರವದಿಂದ ನೋಡಿದರು. ಆವರೆಗೆ ಅವರು ಒಮ್ಮತದಿಂದ ಮಾಡಿದ ಕೆಲಸ ಅದೊಂದೇ.

ಕೊನೆಗೆ ನಾನು ತೀರ್ಪು ಕೊಟ್ಟೆ. ಸಮಕ್ಕೆ ಸಮವೇ ಮದ್ದು ಎಂದು ಶಾಸ್ತ್ರ. ಆದ್ದರಿಂದ ಬಾವಿಗೆ ಉಪ್ಪು. ಸೋತ ಮದ್ದಿಗೆ ಅವಮಾನ ಆಗಬಾರದು. ಸುಮ್ಮಸುಮ್ಮನೆ ಚಿಂತೆ ಮಾಡುವವರಿಗೆ ಚಿಪ್ಪು ಒಳ್ಳೆಯದಂತೆ, ಆದ್ದರಿಂದ ಈರಮ್ಮನಿಗೆ ಚಿಪ್ಪು. ಇಂಥ ತೀರ್ಪು ಕೊಡಲು ಹೈಕೋರ್ಟಿಗಾದರೆ ಎರಡು ತಲೆಮಾರು ಬೇಕು. ನಾಗಪತಿ ಸಾಸಿವೆ ಗಾತ್ರದ ಒಂದು ಗುಳಿಗೆಯನ್ನು ಬಾವಿಗೆ ಹಾಕಿದರು. ಎಲ್ಲರೂ ಚಪ್ಪಾಳೆ ತಟ್ಟಿ ಮಾಬ್ಲೇಶ್ವರನ ಕಾರಿನಲ್ಲಿ ಊಟಕ್ಕೆ ಹೋದೆವು.

ಹುಣ್ಣಿಮೆಯ ಭರತ ಬಂತು. ಒಡ್ಡಿಲ್ಲದ ಕಡೆಯಿಂದ ಹೊಳೆ ನೇರ ಒಳಗೆ ಬಂತು.

"ಈಗ ನಾಲಗೆಗೆ ತಾಗಿಸೂಕೂ ಆಗೂದಿಲ್ಲ. ದನವೂ ಮೂಸೂದಿಲ್ಲ," ಎಂದು ಈರಮ್ಮ ಅತ್ತಳು.

"ಮದ್ದು ಹಿಡಿಯಿತು!" ಎಂದರು ನಾಗಪತಿ. "ಮೊದಲು ಉಲ್ಬಣ, ಆಮೇಲೆ ಗುಣ."

ಮರುದಿನ ಬಾವಿಕಟ್ಟೆಗೆ ಪ್ರಕಟಣೆ ಅಂಟಿಸಲಾಯಿತು: "ಸದರಿ ಬಾವಿಯನ್ನು ಒಳರೋಗಿಯೆಂದು ದಾಖಲಿಸಿಕೊಳ್ಳಲಾಗಿದೆ. ಕೊಡಪಾನ ಇಳಿಸಿ ರೋಗಿಯ ನಿದ್ದೆ ಕೆಡಿಸತಕ್ಕದ್ದಲ್ಲ. ಕಾಫಿ, ಕರ್ಪೂರ, ಈರುಳ್ಳಿ ಸಮೀಪ ತರತಕ್ಕದ್ದಲ್ಲ. ರೋಗಿಯ ಎದುರು ಒಡ್ಡಿನ ವಿಷಯ ಎತ್ತತಕ್ಕದ್ದಲ್ಲ, ಮನಸ್ಸಿಗೆ ನೋವಾಗುತ್ತದೆ."

ಊರವರು ಒಳ್ಳೆಯವರು. ಸಂಜೆ ಬ್ರೆಡ್ಡು, ಬಾಳೆಹಣ್ಣು ಹಿಡಿದು ಬಾವಿಯನ್ನು ನೋಡಲು ಬರತೊಡಗಿದರು. "ಪಾಪ, ಬಡವಾಗಿದೆ" ಎಂದರು ಕೆಲವರು. "ಮುಖದಲ್ಲಿ ಕಳೆ ಬಂದಿದೆ" ಎಂದರು ಉಳಿದವರು. ಹೆಬಳೆಯಿಂದ ಒಂದು ನಿಯೋಗವೇ ಬಂತು. ಅವರೂರಿನ ಬಾವಿ ಇನ್ನೂ ಸಿಹಿಯಾಗಿದ್ದು ಯಾವ ಸವಲತ್ತೂ ಸಿಗುತ್ತಿಲ್ಲವಂತೆ. ಮಾಬ್ಲೇಶ್ವರನಿಂದಲೇ ಅಲ್ಲೊಂದು ಒಡ್ಡು ಕಟ್ಟಿಸಬೇಕಂತೆ. ಸಾಹೇಬರು ಅಲ್ಲೇ ಮಂಜೂರು ಮಾಡಿದರು.

ನಾಗಪತಿ ಇನ್ನೊಂದು ಸೂಚನೆ ಕೊಟ್ಟರು. ಉಪ್ಪಿನ ರೋಗಿಗಳಿಗೆ ದಾಹ ವಿಪರೀತ, ದಿನಾ ಸಿಹಿನೀರು ಕುಡಿಸಬೇಕು, ಅದು ಮನೆಯವರ ಹೊಣೆ.

ನಿನ್ನೆ ನಾನು ರೋಗಿಯನ್ನು ನೋಡಲು ಹೋದಾಗ ಈರಮ್ಮ ಗುಡ್ಡದಾಚೆಯ ನಲ್ಲಿಯಿಂದ ಕೊಡ ಹೊತ್ತು ಬರುತ್ತಿದ್ದಳು. ಏದುಸಿರು ಬಿಡುತ್ತ ಕಟ್ಟೆ ಹತ್ತಿ, ಇಡೀ ಕೊಡವನ್ನು ಬಾವಿಗೆ ಸುರಿದಳು.

"ಎಂತ ಈರಮ್ಮ, ಕುಡೀತಾ?" ಎಂದೆ.

ಅವಳು ಬಗ್ಗಿ ನೋಡಿದಳು. "ಕುಡೀತು. ಒಂದು ಹನಿ ಉಳಿಸ್ಲಿಲ್ಲ," ಎಂದಳು ಪಿಸುಮಾತಿನಲ್ಲಿ, ರೋಗಿಗೆ ಎಚ್ಚರವಾಗದ ಹಾಗೆ. ಆಮೇಲೆ ಖಾಲಿ ಕೊಡ ಎತ್ತಿಕೊಂಡು ಮತ್ತೆ ಗುಡ್ಡ ಹತ್ತಿದಳು.