ಹದಿನಾಲ್ಕು ಜನರ ಸ್ಕ್ವಾಡ್ರನ್

ಮ್ಯಾನೇಜ್‌ಮೆಂಟ್ ಪಾಠ ಹೇಳುವವರ ಮನೆಗೆ ಹೋಗಿ ಅವರ ಮ್ಯಾನೇಜ್‌ಮೆಂಟನ್ನು ಯಾರೂ ನೋಡಬಾರದು. ಕೋಲ್ಕತ್ತದ ಕಾಲೇಜೊಂದರಲ್ಲಿ ಇಪ್ಪತ್ತು ವರ್ಷದಿಂದ ಸಂಘಟನೆಯ ತತ್ತ್ವ ಬೋಧಿಸುತ್ತಿರುವ ನಾನು ಹೋದ ವರ್ಷ ದುರ್ಗಾಪೂಜೆಯ ಜಂಗುಳಿಯಲ್ಲಿ ಹೆತ್ತ ತಾಯಿಯನ್ನೇ ಕಳೆದುಕೊಂಡೆ. ಗಾಬರಿಯಾಗಬೇಡಿ, ಒಂದೂವರೆ ತಾಸಿನ ಮಟ್ಟಿಗೆ. ಕನ್ನಡ ಬಿಟ್ಟು ಬೇರೇನೂ ಬಾರದ ಅವ್ವ ಪೆಂಡಾಲಿನವರ ಕುರ್ಚಿಯಲ್ಲಿ ಕೂತು ಅಳುತ್ತಿದ್ದಳು. "ಇನ್ನ ನಿನ್ನ ಜೋಡಿ ಎಲ್ಲೀಗೂ ಬರಂಗಿಲ್ಲ" ಅಂದವಳು, ಆಮೇಲೆ ಸಾಲ್ಟ್ ಲೇಕಿನ ನಮ್ಮ ಫ್ಲ್ಯಾಟಿನಿಂದ ನನ್ನೊಡನೆ ತರಕಾರಿ ತರಲಿಕ್ಕೂ ಹೊರಡಲಿಲ್ಲ. ಮಗನಾದವನಿಗೆ ಇದಕ್ಕಿಂತ ನೋವಿನ ಮಾತಿಲ್ಲ.

ಈ ವರ್ಷ ಹೆಂಡತಿ ಶೈಲಾಳ ಅಣ್ಣ ಹಬ್ಬಕ್ಕೆ ಬಂದರು. ಟ್ಯಾಂಕ್ ರೆಜಿಮೆಂಟಿನಲ್ಲಿ ರಿಸಾಲ್ದಾರರಾಗಿ ನಿವೃತ್ತರಾದವರು. ಪೆಂಡಾಲು ನೋಡಲು ಹೊರಟಿದ್ದ ನಾಲ್ಕು ಕನ್ನಡ ಮನೆಗಳ ಹದಿನಾಲ್ಕು ಜನರನ್ನೂ ನಾನೇ ಕಾಯುವುದೆಂದು ಬರೆದಿಟ್ಟ ಪಟ್ಟಿ ನೋಡಿ ನಕ್ಕರು.

"ಮಾಸ್ತರ, ರೆಜಿಮೆಂಟಿನ್ಯಾಗ ನಲವತ್ತೈದು ಟ್ಯಾಂಕ್ ಇರ್ತಾವ. ಕರ್ನಲ್ ಸಾಹೇಬ್ರು ಒಂದೊಂದ ಎಣಿಸ್ಕೋತ ಕುಂಡ್ರಂಗಿಲ್ಲ."

ಊಟದ ಮೇಜಿನ ಮೇಲೆ ಬಿಸ್ಕತ್ತು ಜೋಡಿಸಿ ತೋರಿಸಿದರು. ಮೂರು ಟ್ಯಾಂಕಿಗೆ ಒಂದು ಟ್ರೂಪ್. ಅಂಥ ನಾಲ್ಕು ಟ್ರೂಪು, ಮೇಲೆ ಕಮಾಂಡರನದೊಂದು, ಅವನ ಕೈಕೆಳಗಿನವನದೊಂದು, ಒಟ್ಟು ಹದಿನಾಲ್ಕಕ್ಕೆ ಒಂದು ಸ್ಕ್ವಾಡ್ರನ್. ಅಂಥವು ಮೂರು, ಕರ್ನಲ್ಲರ ಬಳಿ ಇನ್ನೂ ಮೂರು ಟ್ಯಾಂಕು. ಡೀಸೆಲು, ಗುಂಡು, ರೊಟ್ಟಿ, ರಿಪೇರಿ ಹೊತ್ತು ಹಿಂದಿನಿಂದ ಬರುವ ಸ್ಕ್ವಾಡ್ರನ್ನೇ ಬೇರೆ. ಮೊದಲು ಅಶ್ವದಳವಾಗಿದ್ದ ರೆಜಿಮೆಂಟಿನಿಂದ ಕುದುರೆಗಳು ಹೋಗಿ ಎಷ್ಟೋ ಕಾಲವಾದರೂ ಸಿಪಾಯಿಗೆ ಇವತ್ತಿಗೂ ಸವಾರನೆಂದೇ ಹೆಸರು. "ಟ್ರೂಪಿನಾಂವ ತನ್ನ ಜೋಡಿ ಇನ್ನೆರಡನ್ನ ನೋಡ್ಕೊಂಡ್ರ ಸಾಕು. ನಲವತ್ತೈದೂ ಹೊಂದಿಕೊಂಡು ಹೋಗ್ತಾವ." ನಾನು ಬಾಯಿಬಿಟ್ಟುಕೊಂಡು ಕೇಳಿದೆ. ನನ್ನ ಇಪ್ಪತ್ತು ವರ್ಷದ ಪಾಠವೆಲ್ಲ ಪುಸ್ತಕದ ಬದನೆಕಾಯಿ ಅನಿಸಿತು.

ನಾವೂ ಸರಿಯಾಗಿ ಹದಿನಾಲ್ಕು. ನಾನು ಕಮಾಂಡರ್, ಶೈಲಾ ಎರಡನೆಯವಳು. ರಿಸಾಲ್ದಾರರು ಅವ್ವನನ್ನು ಯಾರ ಸುಪರ್ದಿಗೂ ಕೊಡದೆ ಅವಳನ್ನೇ ಒಂದು ಟ್ರೂಪಿಗೆ ಮುಖ್ಯಸ್ಥೆ ಮಾಡಿ, ನಮ್ಮ ಗುಂಪಿನಲ್ಲೇ ಇದ್ದ ಕಾಲೇಜಿನ ಇಬ್ಬರು ಸಂಶೋಧಕಿಯರನ್ನು ಒಪ್ಪಿಸಿದರು. "ಪಾಪ, ಹುಡುಗ್ಯಾರು. ಒಬ್ಬೊಬ್ಬರ ಹೆಂಗ ಹೋಗ್ತಾವ" ಎಂದು ಅವ್ವ ಚಪ್ಪಲಿ ಮೆಟ್ಟಿದಳು. ಒಂದು ವರ್ಷದಿಂದ ನನ್ನ ಕೈಲಾಗದ್ದನ್ನು ಅವರು ಒಂದು ಮಾತಿನಲ್ಲಿ ಮಾಡಿದ್ದರು.

ಅಷ್ಟಮಿಯ ಬೆಳಿಗ್ಗೆ ಉತ್ತರ ಕೋಲ್ಕತ್ತದ ಬೀದಿಯಲ್ಲಿ ಸಾವಿರಾರು ಜನರ ನಡುವೆ ನಮ್ಮವರು ಮೂರು ಮೂರಾಗಿ ಸಾಗುತ್ತಿದ್ದರು. ಬಿದಿರಿನ ಬೇಲಿ ಬಂದಲ್ಲಿ ಒಬ್ಬರ ಹಿಂದೊಬ್ಬರು, ದಾಟಿದ ಮೇಲೆ ಮತ್ತೆ ಜೊತೆ. ನೋಡಲು ಆಸೆಯಾಗಿ ನಾನೊಂದು ಅಂಗಡಿಯ ಮೆಟ್ಟಿಲು ಹತ್ತಿ ನಿಂತೆ. ಅವ್ವ ಇಬ್ಬರ ಕೈ ಹಿಡಿದು ಮಹಾದಂಡನಾಯಕಿಯಂತೆ ನಡೆಯುತ್ತಿದ್ದಳು. ಹೆಮ್ಮೆಯಿಂದ ಕಣ್ಣು ಮಂಜಾಯಿತು. ಒರೆಸಿಕೊಂಡು ಇಳಿಯುವಷ್ಟರಲ್ಲಿ ಸ್ವಯಂಸೇವಕರು ಹಗ್ಗ ಅಡ್ಡ ಹಿಡಿದು ನನ್ನನ್ನು ಬೇರೆ ಗಲ್ಲಿಗೆ ತಳ್ಳಿದ್ದರು. ಆ ಬೇಲಿಗಳೊಳಗೆ ಹಿಂದಿರುಗುವ ದಾರಿಯೇ ಇರುವುದಿಲ್ಲ. ನನ್ನ ಫೋನು ಶೈಲಾಳ ಚೀಲದಲ್ಲಿತ್ತು.

ಕಮಾಂಡರನಿಲ್ಲದ ಸ್ಕ್ವಾಡ್ರನ್ ಏನಾಯಿತೋ ಎಂದು ಎರಡು ತಾಸು ಅಲೆದು, ಕಡೆಗೆ ಆಟೋ ಹಿಡಿದು ಮನೆಗೆ ಬಂದರೆ ಹದಿಮೂರೂ ಜನ ಊಟ ಮುಗಿಸಿ ಕೈ ತೊಳೆಯುತ್ತಿದ್ದರು. ನಾನು ತಪ್ಪಿಸಿಕೊಂಡ ಮೇಲೆ ಇನ್ನೂ ಮೂರು ಪೆಂಡಾಲು ನೋಡಿದ್ದರಂತೆ.

"ನನ್ನನ್ನು ಯಾರೂ ಹುಡುಕಲಿಲ್ಲವೇ?"

"ಕಮಾಂಡರ್‌ನ ಟ್ಯಾಂಕ್ ನಿಂತ್ರ ಎರಡನೇದಾಂವ ವೈರ್‌ಲೆಸ್ಸಿನ್ಯಾಗ ಒಂದ ಮಾತು ಹೇಳ್ತಾನ, ಸ್ಕ್ವಾಡ್ರನ್ ಮುಂದ ಹೋಗ್ತದ" ಎಂದರು ರಿಸಾಲ್ದಾರರು. "ಶೈಲಾ ಹೇಳಿದ್ಲು, ಹೋದ್ವಿ."

ನಾನಿಲ್ಲದೆಯೂ ಇಷ್ಟು ಚೆನ್ನಾಗಿ ನಡೆಯುವ ವ್ಯವಸ್ಥೆಗೆ ಮನಸ್ಸಿನಲ್ಲೇ ಕೈಮುಗಿದೆ, ಸ್ವಲ್ಪ ಹೊಟ್ಟೆಯುರಿಯಿಂದಲೇ. ಅವ್ವ ಬೆವೆತ ನನ್ನ ಮುಖವನ್ನು ಸೆರಗಿನಿಂದ ಒರೆಸಿದಳು.

"ನಾಳೆ ನವಮಿಗೆ ಇವನ್ನ ನನ್ನ ಟ್ರೂಪಿಗೆ ಹಾಕ್ರಿ" ಎಂದಳು. "ಕೈ ಹಿಡಕೊಂಡು ಕರಕೊಂಡು ಹೋಗ್ತೀನಿ."

ಅಂತೂ ಅವ್ವ ನನ್ನ ಜೊತೆ ಹೊರಗೆ ಬರಲು ಒಪ್ಪಿದಳು. ಕಮಾಂಡರನ ಹುದ್ದೆಯನ್ನು ಶೈಲಾಳಿಗೆ ಬಿಟ್ಟುಕೊಟ್ಟು ನಾನು ಸವಾರನಾದೆ.