ಮಾವನ ಎಡೆಗೆ ಮನೆಯ ಸಾರಾಯಿ

ಮುಂಜಾನೆ ಮೂರೂವರೆಗೆ ಎದ್ದೆ. ಅಂಗಳ ಗುಡಿಸಿ ಸಾರಿಸಿದೆ. ನಳಕ್ಕೆ ನೀರು ಬರುವ ಅರ್ಧ ಗಂಟೆಯಲ್ಲಿ ಹನ್ನೊಂದು ಕೊಡ ತುಂಬಿದೆ. ಎಮ್ಮೆ ಹಿಂಡಿದೆ, ಕಡಲೆಬೇಳೆ ಬೇಯಿಸಿ ಹೂರಣ ರುಬ್ಬಿದೆ, ವಡೆಯ ಹಿಟ್ಟು ಕಲಸಿದೆ, ಖೀರು ಒಲೆಗಿಟ್ಟೆ. ನಡುವೆ ಯಜಮಾನರ ದನಿ "ನನ್ನ ಬಿಳಿ ಅಂಗಿ ಎಲ್ಲೈತಿ?" ಎಂದು ಹಾಸಿಗೆಯಿಂದಲೇ ಕೇಳಿತು, ಅದನ್ನೂ ಹುಡುಕಿ ಇಸ್ತ್ರಿ ಮಾಡಿದೆ. ಇಷ್ಟಾದರೂ ಬೆಳಕು ಹರಿದಿರಲಿಲ್ಲ. ಕೊನೆಗೆ ಒಳಕೋಣೆಗೆ ಹೋಗಿ ಭರಣಿಯ ಬಾಯಿಗೆ ಕಿವಿ ಹಚ್ಚಿದೆ.

ಯಾಕೆಂದು ಹೇಳುತ್ತೇನೆ, ನಗಬೇಡಿ.

ಅದು ತೀರಿಹೋದ ನಮ್ಮ ಮಾವ ಅಣ್ಣಾಸಾಬರ ಪಕ್ಷದ ದಿನ, ಅಂದರೆ ಪಿತೃಪಕ್ಷದಲ್ಲಿ ಅವರಿಗೆ ಎಡೆ ಇಡುವ ದಿನ. ಅಲಖನೂರಿನ ನಮ್ಮ ಮನೆಯಲ್ಲಿ ಆ ದಿನ ಅವರಿಗೆ ಇಷ್ಟವಾದದ್ದನ್ನೆಲ್ಲ ಬಾಳೆಲೆಗೆ ಬಡಿಸಿ ಮಾಳಿಗೆಯ ಮೇಲೆ ಇಡಬೇಕು. ಕಾಗೆ ಬಂದು ಮುಟ್ಟಿದ ಮೇಲೆಯೇ ಮನೆಯವರ ಊಟ. ಮುಟ್ಟದಿದ್ದರೆ ಹಿರಿಯರ ಆಸೆಯೇನೋ ಉಳಿದಿದೆ ಎಂದರ್ಥ. ಆಗ ಒಬ್ಬೊಬ್ಬರೇ ಮುಂದೆ ಬಂದು, ಇದನ್ನು ನಡೆಸಿಕೊಡುತ್ತೇವೆ, ಅದನ್ನು ನಡೆಸಿಕೊಡುತ್ತೇವೆ ಎಂದು ಮಾತು ಕೊಡುತ್ತ ಹೋಗಬೇಕು. ಯಾವ ಮಾತಿಗೆ ಕಾಗೆ ಇಳಿಯುತ್ತದೋ ಆ ಮಾತನ್ನು ಮನೆಯಲ್ಲಿ ಯಾರೂ ಮೀರುವಂತಿಲ್ಲ.

ಮಾವನಿಗೆ ಸಂಜೆ ಒಂದು ಸಣ್ಣ ಗ್ಲಾಸು ಸಾರಾಯಿ ಬೇಕಿತ್ತು. ಹೀಗಾಗಿ ಎಡೆಯಲ್ಲಿ ಅದೂ ಇರಬೇಕು. ಎಲೆಯ ಮೇಲಿನ ಹದಿನಾಲ್ಕು ಪದಾರ್ಥಗಳಲ್ಲಿ ಗಂಡಸರ ದುಡಿಮೆ ಅದೊಂದೇ: ಕುಡಚಿಗೆ ಹೋಗಿ ಬಾಟಲಿ ತರುವುದು. ಆ ಮಹಾಯಾತ್ರೆಯ ದಣಿವು ಆರಲು ನಮ್ಮ ಯಜಮಾನರಾದ ರಾಜಾರಾಮರಿಗೆ ಎರಡು ದಿನ ಬೇಕು! ಈ ಸಲ, ಫೋನಿನಲ್ಲಿ ಯಾರೋ ಹೆಂಗಸು ಅನ್ನದಿಂದ ಮದ್ಯ ಮಾಡುವುದನ್ನು ನೋಡಿ, ನಾನು ಸಾರಿಬಿಟ್ಟೆ.

"ಈ ವರ್ಷ ಬಾಟ್ಲಿ ತರೂದು ಬ್ಯಾಡ್ರಿ. ಸಾರಾಯಿ ನಾ ಮಾಡ್ತೀನಿ!"

"ನೀನ? ಮನ್ಯಾಗ?"

"ಕುಡಚಿ ರೈಲ್ವೆ ಟೇಶನ್ನಿನ್ಯಾಗ ದಿನಾ ಸಾವಿರ ಮಂದಿಗೆ ಟಿಕೀಟ್ ಕೊಡಾಕಿ ನಾ. ಒಂದ ಭರಣಿ ಅನ್ನ ಕೊಳಸಾಕ ಬರೂದಿಲ್ಲೇನ್ರಿ?"

"ಅವ್ವಗ, ಅಕ್ಕಗ ಹೇಳಬ್ಯಾಡ ಮತ್ತ" ಎಂದರು. ಬೇಡ ಎನ್ನಲಿಲ್ಲ. ಯಾಕೆಂದಾರು? ಅವರಿಗಿದ್ದ ಒಂದೇ ಒಂದು ಕೆಲಸವನ್ನೂ ನಾನು ಕಸಿದು ನನ್ನ ತಲೆಯ ಮೇಲೆ ಇಟ್ಟುಕೊಂಡಿದ್ದೆ.

ಅನ್ನ, ಸಕ್ಕರೆ, ಈಸ್ಟ್, ಅಥಣಿಯ ಒಣದ್ರಾಕ್ಷಿ. ಭರಣಿಯ ಬಾಯಿಗೊಂದು ಅರಿವೆ. ಮಾವ ಮಲಗುತ್ತಿದ್ದ ಒಳಕೋಣೆಯೇ ಬೆಚ್ಚಗಿತ್ತು, ಅಲ್ಲೇ ಇಟ್ಟೆ. ಮೂರನೆಯ ದಿನಕ್ಕೆ ಭರಣಿ ಉಸಿರಾಡತೊಡಗಿತು. ಸುಸ್... ಸುಸ್... ಆಗಾಗ ಗಂಟಲು ಸರಿಮಾಡಿಕೊಂಡಂತೆ ಗುಳ್! ಅತ್ತೆ ಗೌರಾಬಾಯಿ ಬಾಗಿಲಲ್ಲೇ ನಿಂತುಬಿಟ್ಟರು.

"ಮನೀಷಾ, ಒಳಗ ಯಾರದಾರ?"

"ಯಾರೂ ಇಲ್ರೀ ಅತ್ತಿ. ಇಲಿ ಇರ್ಬೇಕು."

"ಇಲಿ ಕೆಮ್ಮತೈತೇನ?"

ಅಂದಿನಿಂದ ಅತ್ತೆ ಆ ಬಾಗಿಲ ಮುಂದೆ ತಲೆಯ ಮೇಲೆ ಸೆರಗು ಹೊದ್ದೇ ಓಡಾಡಿದರು. ನಾನು ಒಳಗೊಳಗೇ ನಕ್ಕೆ. ಆದರೆ ಐದನೆಯ ದಿನದಿಂದ ನಾನೂ ಆ ಭರಣಿಗೆ ಬೆನ್ನು ಮಾಡಿ ನಿಲ್ಲುವುದನ್ನು ಬಿಟ್ಟೆ.

ಪಕ್ಷದ ಮುಂಜಾನೆ ಕಿವಿ ಹಚ್ಚಿದರೆ ಸದ್ದೇ ಇಲ್ಲ. ಉಸಿರು ನಿಂತಿತ್ತು. ಅರಿವೆ ಬಿಚ್ಚಿ ಸೋಸಿದೆ. ವಾಸನೆ ಮೂಗಿಗೆ ಚುಚ್ಚಿತು. ಸಾರಾಯಿ ಹೀಗೇ ಇರುತ್ತದೆ ಎಂದುಕೊಂಡೆ. ಜನ್ಮದಲ್ಲಿ ಕುಡಿದಿದ್ದರೆ ತಾನೆ ಗೊತ್ತಾಗುವುದು! ರುಚಿ ನೋಡೋಣವೆಂದರೆ ಎಡೆಯ ಪದಾರ್ಥವನ್ನು ಮೊದಲೇ ನಾಲಿಗೆಗೆ ಮುಟ್ಟಿಸುವಂತಿಲ್ಲ. ಹಿಂಡಿ ಉಳಿದ ಗಸಿ ಅತ್ತೆಯ ಕಣ್ಣಿಗೆ ಬೀಳದಿರಲೆಂದು ಮಾಳಿಗೆಯ ನೀರಿನ ಟಾಕಿಯ ಹಿಂದೆ ಸುರಿದು ಬಂದೆ.

ಹನ್ನೊಂದಕ್ಕೆ ಎಡೆ ಇಟ್ಟೆವು. ಒಂದು ಕಾಗೆ ಬಂತು. ಆಮೇಲೆ ನಾಲ್ಕು. ಆಮೇಲೆ ಎಣಿಕೆ ತಪ್ಪಿತು. ಮಾಳಿಗೆಯ ಗೋಡೆಯುದ್ದಕ್ಕೂ ಸಾಲಾಗಿ ಕೂತವು. ಒಂದೂ ಕಾ ಎನ್ನಲಿಲ್ಲ. ಒಂದೂ ರೆಕ್ಕೆ ಬಡಿಯಲಿಲ್ಲ. ಓಣಿಯ ನಾಯಿಗಳೂ ಸುಮ್ಮನಾದವು.

ನನಗೆ ಮಾತ್ರ ಗುಟ್ಟು ಹೊಳೆದಿತ್ತು. ಟಾಕಿಯ ಹಿಂದಿನ ಗಸಿ ತಿಂದು ಇಡೀ ಕಾಗೆಕುಲ ಅಮಲಿನಲ್ಲಿದೆ! ನಗು ತಡೆಯಲು ಸೆರಗು ಬಾಯಿಗೆ ಒತ್ತಿಕೊಂಡೆ.

ಒಂದು ತಾಸಾಯಿತು. ರಾಜಾರಾಮ ಮುಂದೆ ಬಂದರು. "ಅಪ್ಪಾ, ಬಾವಿಗೆ ನಿನ್ನ ಹೆಸರ ಬರಸ್ತೀನಿ."

ಕಾಗೆಗಳು ನೋಡಿದವು.

"ಬಣ್ಣದ ಬೋರ್ಡ ಹಾಕಸ್ತೀನಿ!"

ಊಹೂಂ.

ನಿಪ್ಪಾಣಿಯಿಂದ ಬಂದಿದ್ದ ಅವರ ಅಕ್ಕ ಸುಗಂಧಾ ಕೈ ಮುಗಿದಳು. "ಅಪ್ಪಾ, ಬರೂ ವರ್ಷ ನಾ ಎಂಟ ದಿನ ಮೊದಲ ಬಂದ ಇರ್ತೀನಿ." ನನ್ನ ಎದೆ ಧಸಕ್ಕೆಂದಿತು. ಪುಣ್ಯಕ್ಕೆ ಯಾವ ಕಾಗೆಯೂ ಕದಲಲಿಲ್ಲ.

ಆಗ ಸುಗಂಧಾ ನನ್ನತ್ತ ತಿರುಗಿದಳು.

"ಅಪ್ಪನ ಮನಸಿನ್ಯಾಗ ಏನೈತಿ ನನಗ ಗೊತ್ತೈತಿ. ಸೊಸಿ ಟೇಶನ್ನಿನ್ಯಾಗ ಕುಂಡ್ರೂದು ಅವಗ ಒಗ್ಗಿರಲಿಲ್ಲ. ಮನೀಷಾ, ನೌಕರಿ ಬಿಡ್ತೀನಿ ಅನ್ನು."

"ಅಕ್ಕಾರ, ಮಾವ ಒಂದಿನಾನೂ ನನಗ ಹಂಗ ಅಂದಿಲ್ರಿ."

"ನಿನಗ್ಯಾಕ ಅಂದಾನು? ಅವಾ ಮಾತ ಕಡಿಮಿ. ಅವ್ವಗ ಸಕ್ಕರಿ ಕಾಯಿಲೆ ಐತಿ, ಉಪವಾಸ ಕುಂತಾಳ. ಅಂದ ಬಿಡ!"

ಗಂಡನ ಮುಖ ನೋಡಿದೆ. ಅವರು ತಮ್ಮ ಕಾಲ್ಬೆರಳು ನೋಡುತ್ತಿದ್ದರು. "ಸುಮ್ನ ಅಂದ ಬಿಡ... ಅನ್ನಾಕೇನ ಹೋಗತೈತಿ..." ಎಂದರು.

ನನ್ನ ನಗು ಇಳಿಯಿತು. ಈಗ ನಾನು ಬಾಯಿಬಿಟ್ಟ ಹೊತ್ತಿಗೇ ಯಾವುದೋ ಕಾಗೆಯ ಅಮಲು ಇಳಿದು ಅದು ಎಡೆಗೆ ಕುಪ್ಪಳಿಸಿದರೆ? ಪರೀಕ್ಷೆ ಬರೆದು ಗಳಿಸಿದ ಕುರ್ಚಿ, ಒಂಬತ್ತು ವರ್ಷದ ನನ್ನ ಕಿಟಕಿ, ಎಲ್ಲ ಒಂದು ಕುಡುಕ ಹಕ್ಕಿಯ ಕಾಲ ಕೆಳಗೆ! ಇದಕ್ಕಿಂತ ನಿಜ ಹೇಳಿ ಬೈಸಿಕೊಳ್ಳುವುದೇ ಲೇಸು. ಸಾಕ್ಷಿಗೆಂದು ಹಕ್ಕಿ ಕೆದರಿದ ಗಸಿ ತೋರಿಸೋಣವೆಂದು ಟಾಕಿಯ ಹಿಂದೆ ಹೋದೆ.

ಗಸಿ ಹಾಗೇ ಇತ್ತು. ನಾನು ಸುರಿದಾಗ ಮೂಡಿದ್ದ ಬೋಗುಣಿಯ ಅಚ್ಚು ಕೂಡ ಅಳಿದಿರಲಿಲ್ಲ. ಒಂದು ಕೊಕ್ಕಿನ ಗುರುತಿಲ್ಲ.

ಒಂದು ಕಾಗೆಯೂ ಕುಡಿದಿರಲಿಲ್ಲ.

ಮಟಮಟ ಮಧ್ಯಾಹ್ನದಲ್ಲಿ ನನ್ನ ಬೆನ್ನು ತಣ್ಣಗಾಯಿತು. ತಿರುಗಿ ನೋಡಿದರೆ ಗೋಡೆಯ ಮೇಲಿನ ಅಷ್ಟೂ ತಲೆಗಳು ಈಗ ನನ್ನತ್ತ ಹೊರಳಿದ್ದವು. ಎಲ್ಲಕ್ಕಿಂತ ಮುಂದಿನದು ಕತ್ತು ಓರೆ ಮಾಡಿ, ಮಾವ ಕನ್ನಡಕದ ಮೇಲಿಂದ ನೋಡುತ್ತಿದ್ದ ಹಾಗೆಯೇ ನೋಡುತ್ತಿತ್ತು.

"ಅನ್ನು!" ಎಂದಳು ಸುಗಂಧಾ.

ಹೋಗಿ ಎಡೆಯ ಮುಂದೆ ಕೂತೆ. ನನ್ನ ಪಾಂಡಿತ್ಯವೆಲ್ಲ ಮುಗಿದಿತ್ತು. ಉಳಿದದ್ದು ಒಂದೇ ಮಾತು.

"ಮಾವಾ, ನೌಕರಿ ಬಿಡೂದಿಲ್ರಿ. ಸಿಟ್ಟಿದ್ರ ನನ್ನ ಮ್ಯಾಲ ಇರಲಿ. ಅತ್ತಿ ಉಪವಾಸ ಅದಾರ. ನೀವು ಮುಟ್ಟೂದಿಲ್ಲಂದ್ರ ನಾನ ಮುಟ್ತೀನಿ."

ಕಾಗೆ ಅಲುಗಾಡಲಿಲ್ಲ. ನಾನು ಸಾರಾಯಿ ಗ್ಲಾಸು ಎತ್ತಿದೆ. "ಅಯ್ಯಯ್ಯೋ, ಎಡಿ ಕೆಡಸಿದ್ಲು!" ಎಂದು ಸುಗಂಧಾ ಚೀರುವಷ್ಟರಲ್ಲಿ ಗಟಗಟ ಕುಡಿದುಬಿಟ್ಟೆ.

ಅಬ್ಬಾ! ಹುಳಿಯೆಂದರೆ ಎಂಥ ಹುಳಿ! ಹಲ್ಲು ಜುಮ್ಮೆಂದವು, ಗಂಟಲು ಹೊತ್ತಿಕೊಂಡಿತು, ಎರಡೂ ಕಣ್ಣಿಂದ ದಳದಳ ನೀರು. ಹನ್ನೆರಡು ದಿನ ಕಾಪಾಡಿದ ನನ್ನ ಅಮೃತ, ಗೋಬಿ ಮಂಚೂರಿಗೆ ಹಾಕುವ ವಿನೆಗರ್ ಆಗಿ ಕೂತಿತ್ತು!

ಅತ್ತೆ ಧಾವಿಸಿ ಬಂದು ಸೆರಗಿನಿಂದ ನನ್ನ ಕಣ್ಣೊರೆಸಿದರು. "ನೋಡ ಸುಗಂಧಾ, ಹೆಂಗ ಅಳಾಕತ್ತಾಳ! ನೀ ಸ್ವಂತ ಮಗಳಾಗಿ ಇಷ್ಟ ಅತ್ತಿಲ್ಲ."

ಖಾಲಿ ಗ್ಲಾಸನ್ನು ಕೆಳಗಿಟ್ಟೆ. ಮುಂದಿನ ಕಾಗೆ ಇಳಿಯಿತು. ಎರಡು ಹೆಜ್ಜೆ ನಡೆದು ಬಂದು ವಡೆ ಕಚ್ಚಿತು. ಮರುಕ್ಷಣ ಅಷ್ಟೂ ಕಾಗೆಗಳು ಒಮ್ಮೆಲೇ ಕಾ ಎಂದವು. ಹುಳಿ ವಾಸನೆ ಎಲೆಯಿಂದ ದೂರವಾದದ್ದಕ್ಕೋ, ಬೇರೆ ಯಾವುದಕ್ಕೋ, ನನ್ನನ್ನು ಕೇಳಬೇಡಿ.

"ಮುಟ್ಟಿತು! ಅಪ್ಪ ಒಪ್ಪಿದಾ!" ರಾಜಾರಾಮ ಕುಣಿದರು. "ಸೊಸಿ ಕಣ್ಣೀರಿಗೆ ಕರಗಿದಾ! ಮನೀಷಾ ನೌಕರಿ ಮಾಡಬೇಕು ಅನ್ನೂದು ಅಪ್ಪನ ಇಚ್ಛಾ!"

ಸುಮ್ಮನಿದ್ದರೆ ಸಾಕಿತ್ತು. ಕಣ್ಣೊರೆಸಿಕೊಂಡು, ಉಂಡು, ಎರಡು ಗಂಟೆಯ ಡ್ಯೂಟಿಗೆ ಹೋಗಬಹುದಿತ್ತು. ಅತ್ತೆಯ ಕೈ ಇನ್ನೂ ನನ್ನ ಬೆನ್ನ ಮೇಲಿತ್ತು. ಈ ಮನೆಗೆ ಬಂದ ಇಷ್ಟು ವರ್ಷದಲ್ಲಿ ಆ ಕೈ ಅಲ್ಲಿಗೆ ಬಂದದ್ದು ಅದೇ ಮೊದಲು. ಆದರೆ ಈ ವರ್ಷ ಕಾಗೆ ಕೊಟ್ಟ ನೌಕರಿಯನ್ನು ಬರುವ ವರ್ಷ ಕಾಗೆಯೇ ಕಿತ್ತುಕೊಂಡರೆ ಯಾರನ್ನು ಕೇಳಲಿ? ವಡೆ ಮುಗಿಸಿದ ಆ ಕಾಗೆ ಮತ್ತೆ ಕತ್ತು ಓರೆ ಮಾಡಿತು. ನಾನು ಅತ್ತೆಯ ಕೈಯನ್ನು ಮೆಲ್ಲಗೆ ಬೆನ್ನಿನಿಂದ ತೆಗೆದೆ.

"ಅತ್ತೀ, ಇದು ಅಳು ಅಲ್ರಿ. ಸಾರಾಯಿ ಅಂಗಡೀದಲ್ಲ, ನಾ ಮನ್ಯಾಗ ಮಾಡಿದ್ದು. ಹುಳಿ ಹಿಡದ ಹೋಗೇತಿ. ಕಾಗಿ ಹೇಳಿದ್ರೂ ಅಷ್ಟ, ಹೇಳದಿದ್ರೂ ಅಷ್ಟ, ನೌಕರಿ ಮಾತ್ರ ನಾ ಬಿಡೂದಿಲ್ಲ."