ಹಲ್ಲು ಬಂದ ಮೇಲೆ ಬರೀ ಹಾಲೇ?

ನಮ್ಮ ಕಾಕಾನಿಗೆ ಕರುವಿಗೂ ಕೂಸಿಗೂ ಇರುವ ವ್ಯತ್ಯಾಸ ಕೊನೆಯವರೆಗೂ ಗೊತ್ತಾಗಲಿಲ್ಲ. ಇದು ಯಾರೋ ಅವನನ್ನು ಆಡಿಕೊಂಡ ಮಾತಲ್ಲ. ಅವನ ಸ್ವಂತ ಅಣ್ಣನ ಮಗಳಾದ ನಾನೇ, ತಲೆಯೆತ್ತಿಕೊಂಡು ಹೇಳುತ್ತಿರುವ ಮಾತು.

ಕಾಕಾ ಗೊಬ್ಬೂರಿನ ಒಕ್ಕಲಿಗ. ದನಗಳ ವಿಷಯದಲ್ಲಿ ಅವನ ಕಣ್ಣು ಅಂದರೆ ಕಣ್ಣು. ಅಫಜಲಪುರದ ಕಡೆಯವರಿರಲಿ, ಜೇವರ್ಗಿಯ ಕಡೆಯವರಿರಲಿ, ಎತ್ತು ಕೊಳ್ಳಲು ಹೊರಟರೆ ಮೊದಲು ಇವನನ್ನು ಗಾಡಿಯಲ್ಲಿ ಕೂರಿಸಿಕೊಳ್ಳುತ್ತಿದ್ದರು. ಇವನು ಕೋಡು ನೋಡುತ್ತಿರಲಿಲ್ಲ, ಬಾಲ ನೋಡುತ್ತಿರಲಿಲ್ಲ. ಕರುವಿನ ಕೆಳರೆಪ್ಪೆಯನ್ನು ಹೆಬ್ಬೆರಳಿನಿಂದ ಮೆಲ್ಲಗೆ ಜಗ್ಗಿ ಒಳಗೆ ಕೆಂಪಿದೆಯೋ ಇಲ್ಲವೋ ನೋಡುತ್ತಿದ್ದ. ಆಮೇಲೆ ನಾಲಗೆ. ಆಮೇಲೆ ದೂರ ಹೋಗಿ ಕೂತು, ಅದು ಗೋಡೆ ನೆಕ್ಕುತ್ತದೋ ಏನೋ ಎಂದು ಕಾಯುತ್ತಿದ್ದ. ಗೋಡೆ ನೆಕ್ಕುವ ಕರುವಿನ ಮೇವಿನಲ್ಲಿ ಏನೋ ಕಡಿಮೆಯಾಗಿದೆ ಎಂಬುದು ಅವನ ಲೆಕ್ಕ.

ಇಷ್ಟಕ್ಕೇ ನಿಂತಿದ್ದರೆ ಅವನೊಬ್ಬ ಮರ್ಯಾದಸ್ಥ ಒಕ್ಕಲಿಗನಾಗಿ ಬಾಳಿ ಹೋಗುತ್ತಿದ್ದ. ಆದರೆ ಯಾರದೇ ಮನೆಗೆ ಹೋದರೂ ಅಲ್ಲಿ ತೆವಳುವ, ತೊದಲುವ ಕೂಸೊಂದು ಕಂಡರೆ ಸಾಕು, ಕಾಕಾನ ಹೆಬ್ಬೆರಳು ತಾನಾಗಿ ಏಳುತ್ತಿತ್ತು. ಬೇರೆಯವರು ಕೂಸಿನ ಗಲ್ಲ ಹಿಂಡಿ ಮುದ್ದು ಮಾಡಿದರೆ ಇವನು ರೆಪ್ಪೆ ಜಗ್ಗುತ್ತಿದ್ದ. ಕೂಸು ಕಿರುಚುತ್ತಿತ್ತು, ತಾಯಿ ಓಡಿ ಬರುತ್ತಿದ್ದಳು. ಇವನು ಶಾಂತವಾಗಿ, "ಏನ್ ಹಾಕ್ತೀರಿ ಇದಕ್ಕ?" ಎಂದು ಕೇಳುತ್ತಿದ್ದ. ಉಣಿಸುತ್ತೀರಿ ಅಲ್ಲ, ತಿನ್ನಿಸುತ್ತೀರಿ ಅಲ್ಲ, ಹಾಕುತ್ತೀರಿ! ಗೊಬ್ಬೂರಿನ ತಾಯಂದಿರು ಅವನು ಓಣಿಗೆ ಬಂದ ಸುದ್ದಿ ತಿಳಿದೊಡನೆ ಕೂಸಿನ ಕೈಗೊಂದು ರೊಟ್ಟಿ ಚೂರು ಕೊಟ್ಟು ಹೊಸ್ತಿಲಲ್ಲಿ ಕೂರಿಸುತ್ತಿದ್ದರು. ಅವನ ಬಾಯಿಗೆ ಹೆದರಿಯೇ ನಮ್ಮೂರಲ್ಲಿ ಎಷ್ಟು ಮಕ್ಕಳ ಹೊಟ್ಟೆಗೆ ರಾಜಗಿರಿ ಪಲ್ಯ ಹೋಯಿತೋ ಯಾರು ಬಲ್ಲರು?

ನಮ್ಮ ಕಾಕಿಯನ್ನು ಕೇಳಿದರೆ ಅವಳದು ಬೇರೆಯೇ ದೂರು. "ನನ್ನ ನೋಡಾಕ ಬಂದಾಗ ನಾ ನಗಲೇ ಇಲ್ಲ ನೋಡ. ನಕ್ಕಿದ್ರ ಹಲ್ಲು ಎಣಿಸ್ತಿದ್ರು."

ನಮ್ಮಕ್ಕನಿಗೆ ಜೇವರ್ಗಿಯಲ್ಲಿ ವರ ನೋಡಲು ಹೋದಾಗ ಹಿರಿಯನೆಂದು ಇವನನ್ನೂ ಕರೆದುಕೊಂಡು ಹೋದರು. ಜಮಖಾನ ಹಾಸಿತ್ತು, ವರ ತಲೆ ಬಗ್ಗಿಸಿ ಕೂತಿದ್ದ. ಅವನ ಅಕ್ಕನ ಕಂಕುಳಲ್ಲಿ ಒಂದು ಕೂಸು. ಕಾಕಾ ವರನನ್ನು ದಾಟಿ ಕೈ ಚಾಚಿದ. ರೆಪ್ಪೆ ನೋಡಿದ, ನಾಲಗೆ ನೋಡಿದ.

"ಹಲ್ಲು ಬಂದಾವ. ಇನ್ನೂ ಮೇವು ಹಾಕಿಲ್ಲೇನ್ರಿ?"

ವರನ ತಂದೆ ಗಂಟಲು ಸರಿಮಾಡಿಕೊಂಡು, "ನೀವು ವರನ್ನ ನೋಡಾಕ ಬಂದೀರೋ, ಕೂಸಿನ್ನ ನೋಡಾಕ ಬಂದೀರೋ?" ಎಂದರು.

"ವರ ಹ್ಯಾಂಗೂ ಬೆಳದು ನಿಂತಾನ್ರಿ. ಅವನಿಗೆ ಇನ್ನ ಏನ್ ಮಾಡಾಕ ಬರ್ತದ?" ಎಂದ ಕಾಕಾ.

ಸಂಬಂಧ ಮುರಿದೇ ಹೋಯಿತೆಂದು ನಮ್ಮಪ್ಪ ಚಪ್ಪಲಿ ಹುಡುಕತೊಡಗಿದ್ದರು. ಅಷ್ಟರಲ್ಲಿ ವರನ ಅಕ್ಕ ಬಾಗಿಲ ಮರೆಗೆ ಬಂದು, "ಏನ್ ಹಾಕಬೇಕು ಹೇಳಿ ಹೋಗ್ರಿ" ಎಂದಳು. ಅವಳೇ ಒಳಗೆ ಹೋಗಿ ತನ್ನ ತಾಯಿಯನ್ನು ಒಪ್ಪಿಸಿದಳು. ನಮ್ಮಕ್ಕನ ಸಂಬಂಧ ಕುದುರಿದ್ದು ಹಾಗೆ.

ನನ್ನನ್ನು ಕೊಟ್ಟದ್ದು ಆಳಂದಕ್ಕೆ, ತೊಗರಿ ವ್ಯಾಪಾರದ ಮನೆಗೆ. ಅದು ನಿಜಾಮನ ಆಳಿಕೆಯ ಕೊನೆಯ ವರ್ಷಗಳ ಮಾತು. ನಮ್ಮತ್ತೆಗೆ ನನ್ನ ಗಂಡ ಒಬ್ಬನೇ ಮಗ. ಹೀಗಾಗಿ ನನ್ನ ಹೊಟ್ಟೆಯಲ್ಲಿ ನೀಲಾ ಹುಟ್ಟಿದಾಗ ಅವರಿಗೆ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಕೂಸಿಗಾಗಿಯೇ ಒಂದು ಆಕಳು ಬಂತು. ವರುಷ ತುಂಬಿ, ಹಲ್ಲು ಮೂಡಿ, ಅವಳು ಎರಡನೆಯ ವರುಷಕ್ಕೆ ಕಾಲಿಟ್ಟರೂ ಹಾಲು, ಹಾಲು, ಹಾಲು. ನಡುನಡುವೆ ಹಾಲಿನಲ್ಲೇ ಕುದಿಸಿದ ರವೆ. "ನಮ್ಮ ಕೂಸು ಇನ್ನೂ ರೊಟ್ಟಿ ಮುಟ್ಟಿಲ್ಲ" ಎಂದು ಅತ್ತೆ ಬಂದವರಿಗೆಲ್ಲ ಹೇಳುತ್ತಿದ್ದರು, ಬೇರೆಯವರು ನಮ್ಮ ಮನೆಯಲ್ಲಿ ಇಷ್ಟು ಬಂಗಾರವಿದೆ ಎಂದು ಹೇಳುವ ಹಾಗೆ.

ನೀಲಾ ದಿನದಿಂದ ದಿನಕ್ಕೆ ಬೆಳ್ಳಗಾದಳು. ನೋಡಿದವರೆಲ್ಲ, "ಹಾಲು ಕುಡಿದು ಹಾಲಿನ ಬಣ್ಣಾನೇ ಬಂದದ" ಎಂದು ಹೊಗಳಿದರು. ಅಳುತ್ತಿರಲಿಲ್ಲ, ಹಟ ಮಾಡುತ್ತಿರಲಿಲ್ಲ, ಕೂರಿಸಿದಲ್ಲಿ ಕೂತಿರುತ್ತಿದ್ದಳು. ಎಂಥ ಶಾಂತ ಸ್ವಭಾವ ಎಂದರು. ಅವಳಿಗಿದ್ದ ಚಟ ಒಂದೇ: ಹಾಲುಮಣ್ಣು ಬಳಿದ ನಮ್ಮ ಗೋಡೆಯನ್ನು ಕೆರೆದು ತಿನ್ನುವುದು. ಅತ್ತೆ ಒಂದು ಗೋಡೆಗೆ ಬೇವಿನ ರಸ ಹಚ್ಚಿದರೆ ಅವಳು ಇನ್ನೊಂದು ಗೋಡೆಗೆ ಹೋಗುತ್ತಿದ್ದಳು. ನಾನು ಏನಾದರೂ ಹೇಳಲು ಹೋದರೆ, "ಎಲ್ಲಾ ಕೂಸುಗಳೂ ಮಣ್ಣು ತಿಂತಾವ, ಸುಮ್ನಿರು" ಎನ್ನುತ್ತಿದ್ದರು.

ಅಂಥದರಲ್ಲಿ ಒಂದು ದಿನ ಕಾಕಾ ಗಾಡಿ ಕಟ್ಟಿಕೊಂಡು ಬಂದ. ಕೈಕಾಲು ತೊಳೆದು ಒಳಗೆ ಕಾಲಿಟ್ಟವನು ನೀಲಾಳನ್ನು ಕಂಡು ನಿಂತುಬಿಟ್ಟ. ಅವಳು ಗೋಡೆಗೆ ಬಾಯಿ ಹಚ್ಚಿದ್ದಳು. ಎತ್ತಿಕೊಂಡು ರೆಪ್ಪೆ ಜಗ್ಗಿದ. ಅವಳು ಕಿರುಚಲಿಲ್ಲ. ಅವನು ರೆಪ್ಪೆ ಜಗ್ಗಿದಾಗ ಕಿರುಚದ ಕೂಸನ್ನು ನಾನು ನೋಡಿದ್ದು ಅದೇ ಮೊದಲು.

"ಎಷ್ಟು ಬೆಳ್ಳಗ ಆಗ್ಯಾಳ ನೋಡ್ರಿ ಬೀಗ್ರ" ಎಂದರು ಅತ್ತೆ.

"ಇದು ಬಣ್ಣ ಅಲ್ಲ್ರಿ ಅಕ್ಕಾರ. ಮೈಯಾಗ ರಕ್ತ ಇಲ್ಲ. ಹಲ್ಲು ಬಂದ ಮ್ಯಾಲೂ ಬರೀ ಹಾಲೇ? ಸಜ್ಜಿ ರೊಟ್ಟಿ, ಪಲ್ಯ, ಬ್ಯಾಳಿ ಯಾವಾಗ ಹಾಕ್ತೀರಿ?"

"ಸಜ್ಜಿ ರೊಟ್ಟಿ ಕೂಲಿ ಮಾಡೋರ ಮಕ್ಕಳು ತಿಂತಾವ. ನಮ್ಮ ಮನಿ ಕೂಸು ತಿಂದ್ರ ಮಂದಿ ಏನಂತಾರ?"

"ಮಂದಿ ಏನರ ಅನ್ಲಿ. ಕೂಸು 'ಇನ್ನಷ್ಟು' ಅನ್ನಬೇಕು."

ಮಾತು ಬೆಳೆಯುವುದು ಬೇಡವೆಂದು ನನ್ನ ಗಂಡ ಎಲ್ಲರನ್ನೂ ದವಾಖಾನೆಗೆ ಕರೆದೊಯ್ದರು. ಡಾಕ್ಟರ್ ಸಾಹೇಬರೂ ಮೊದಲು ನೋಡಿದ್ದು ಕೆಳರೆಪ್ಪೆಯನ್ನೇ. ಕಾಕಾ ನನ್ನ ಕಡೆ ತಿರುಗಿ ಹುಬ್ಬು ಹಾರಿಸಿದ. "ಖೂನ್ ಭಾಳ ಕಮ್ಮಿ ಅದ ಅಮ್ಮಾ. ಬರೀ ದೂಧ್ ಆಗ್ಯದ, ಖಾನಾ ಇಲ್ಲ. ಹಾಲು ಕಡಿಮಿ ಮಾಡ್ರಿ, ಪಲ್ಯ, ಬ್ಯಾಳಿ, ರೊಟ್ಟಿ ತಿನ್ನಸ್ರಿ. ತಡ ಮಾಡಬ್ಯಾಡ್ರಿ" ಎಂದು ಡಾಕ್ಟರು ತುಕ್ಕಿನ ಬಣ್ಣದ ಔಷಧಿಯ ಬಾಟಲಿ ಕೊಟ್ಟರು. ಅತ್ತೆ ಮನೆಗೆ ಬಂದವರೇ ಹಾಲು ಕಾಯಿಸಲು ಹೋದರು.

ಇನ್ನು ಉಣಿಸಲು ಕೂತರೆ ನೀಲಾ ತುಟಿ ಬಿಚ್ಚಬೇಕಲ್ಲ? ಔಷಧಿಯನ್ನು ಅತ್ತೆಯ ಇಳಕಲ್ ಸೀರೆಯ ಮೇಲೆ ಉಗುಳಿದಳು. ಪಲ್ಯವನ್ನು ನನ್ನ ಮೇಲೆ ಉಗುಳಿದಳು. ಆಗ ಕಾಕಾ ಎತ್ತುಗಳನ್ನು ಗಾಡಿಯಿಂದ ಬಿಚ್ಚಿ ಹಿತ್ತಲಲ್ಲಿ ಕಟ್ಟಿ, "ನಾ ಇಲ್ಲೇ ಇರ್ತೇನಿ" ಎಂದ.

ಕೊಟ್ಟ ಮಗಳ ಮನೆಯಲ್ಲಿ ಹೆಣ್ಣಿನ ಕಡೆಯವರು ಬಂದು ಠಿಕಾಣಿ ಹೂಡುವುದುಂಟೆ? ಒಂದು ಹೊತ್ತು ಉಂಡು ಹೋಗುವುದಕ್ಕೇ ಆ ಕಾಲದವರು ಸಂಕೋಚಪಡುತ್ತಿದ್ದರು. ಓಣಿಯವರು ಬಾಗಿಲಲ್ಲಿ ನಿಂತು ನೋಡಿದರು. ಬಿತ್ತನೆ ಹತ್ತಿರ ಬಂತು, ಬೇಗ ಬಾ ಎಂದು ನಮ್ಮಪ್ಪ ಊರಿಂದ ಬರುವವರ ಕೈಯಲ್ಲೆಲ್ಲ ಹೇಳಿ ಕಳಿಸಿದರು. ನನಗೇ ನಾಚಿಕೆಯಾಗಿ, "ಕಾಕಾ, ಅಪ್ಪ ಕರಿಯಾಕತ್ತಾನಲ್ಲ" ಎಂದರೆ, "ಬಿತ್ತಾಕ ನಿಮ್ಮಪ್ಪ ಅದಾನ. ಇಲ್ಲಿ ಯಾರದಾರ ಬೇ?" ಎಂದ.

ಅವನು ನೀಲಾಳಿಗೆ ಉಣಿಸುವ ಗೋಜಿಗೇ ಹೋಗಲಿಲ್ಲ. ನನ್ನಿಂದ ಅಂಗೈಯಗಲದ ಮೆತ್ತನೆಯ ಸಜ್ಜೆ ರೊಟ್ಟಿ ಮಾಡಿಸಿದ. ರಾಜಗಿರಿ ಪಲ್ಯವನ್ನು ಕಬ್ಬಿಣದ ಬಾಣಲೆಯಲ್ಲೇ ಬೇಯಿಸಿ ನಿಂಬೆಹುಳಿ ಹಿಂಡಬೇಕೆಂದ. ರೊಟ್ಟಿಯನ್ನು ತೊಗರಿ ಬೇಳೆಯಲ್ಲಿ ನೆನೆಸಿ, ತುಪ್ಪ ಬೆರೆಸಿ, ಅವಳ ಎದುರಿಗೆ ನೆಲದ ಮೇಲೆ ಕೂತು ತಾನೇ ಉಂಡ. ಸಪ್ಪಳ ಮಾಡಿಕೊಂಡು, ಬೆರಳು ಚೀಪಿಕೊಂಡು, ಅವಳತ್ತ ಒಮ್ಮೆಯೂ ನೋಡದೆ. ಮೊದಲು ಅವಳು ಗೋಡೆಯ ಕಡೆ ತಿರುಗಿಕೊಂಡಳು. ಮಾರನೆಯ ದಿನ ಇವನ ಕಡೆ ತಿರುಗಿ ಕೂತಳು. ಅದರ ಮರುದಿನ ತೆವಳಿ ಬಂದು ತಾಟಿಗೆ ಕೈ ಹಾಕಿದಳು. ಕಾಕಾ ತಾಟನ್ನು ಹಿಂದಕ್ಕೆ ಎಳೆದುಕೊಂಡ.

"ಇದು ನನ್ನ ಪಾಲು."

ನೀಲಾ ದನಿ ತೆಗೆದು ಅತ್ತಳು. ಅಡುಗೆಮನೆಯಿಂದ ಅತ್ತೆ ಸೌಟು ಹಿಡಿದೇ ಬಂದರು. "ಕೂಸು ಕೇಳಾಕತ್ತದ, ಕಣ್ಣ ಕಾಣ್ಸುದಿಲ್ಲೇನ್ರಿ? ಕೊಡ್ರಿ ಅದಕ್ಕ."

"ಸಜ್ಜಿ ರೊಟ್ಟಿ ಅದರಿ ಅಕ್ಕಾರ" ಎಂದ ಕಾಕಾ ವಿನಯದಿಂದ.

"ಏನರ ಇರ್ಲಿ, ಕೊಡ್ರಿ ಅಂದೆ."

ಹೀಗೆ ನಮ್ಮ ಮನೆಯ ಕೂಸು ಅತ್ತೆಯ ಅಪ್ಪಣೆಯ ಮೇರೆಗೇ ಸಜ್ಜೆ ರೊಟ್ಟಿ ತಿಂದಿತು. ಔಷಧಿಗೂ ಅದೇ ಉಪಾಯ. ಮೊದಲು ತಾನೊಂದು ಚಮಚ ಕುಡಿದು ಚಪ್ಪರಿಸುತ್ತಿದ್ದ, ಆಮೇಲೆ ಅವಳಿಗೆ. ಅವಳ ಕೆನ್ನೆಗೆ ಬಣ್ಣ ಬರುವ ಮುಂಚೆ ಇವನ ಹಲ್ಲು ಕಪ್ಪಾದವು. ಆ ಹಲ್ಲು ಬಿಟ್ಟುಕೊಂಡೇ ಆಳಂದದ ಪೇಟೆಯಲ್ಲೆಲ್ಲ ನಕ್ಕು ಬಂದ.

ಹಾಲು ಪೂರ್ತಿ ಬಿಡಿಸಿರಲಿಲ್ಲ. ಎಲುಬಿಗೆ ಬೇಕು, ಆದರೆ ಉಂಡ ಮೇಲೆ, ಸಣ್ಣ ಬಟ್ಟಲಲ್ಲಿ ಎಂದು ಅವನ ಕರಾರು. ಅತ್ತೆ ಹೂಂಗುಟ್ಟಿದರು. ಆದರೂ ಊಟದ ಹೊತ್ತಿಗೆ ಮುಂಚೆ ಅಜ್ಜಿ ಮೊಮ್ಮಗಳು ಇಬ್ಬರೂ ಹಿತ್ತಲಿಗೆ ಮಾಯವಾಗುತ್ತಿದ್ದರು. ಒಮ್ಮೆ ಅವರು ಮರಳಿ ಬರುವಾಗ ಕಾಕಾ ಬಾಗಿಲಲ್ಲೇ ಕೂತಿದ್ದ. ಕೂಸಿನ ಮೇಲ್ದುಟಿ ನೋಡಿ, "ಭಾಳ ಲಗೂ ಮೀಸಿ ಬಂದಾವಲ್ರಿ ಅಕ್ಕಾರ, ಅದೂ ಬಿಳೇವು" ಎಂದ. ಅತ್ತೆ ಸೆರಗಿನಿಂದ ಅವಳ ಬಾಯಿ ಒರೆಸಿದರು. ಒರೆಸುವಾಗ ಅವರಿಗೂ ನಗು ತಡೆಯಲಾಗಲಿಲ್ಲ.

ಬರಬರುತ್ತ ನಮ್ಮ ಗೋಡೆಗಳು ಉಳಿದುಕೊಂಡವು. ನೀಲಾಳ ಕಿವಿಯ ತುದಿ ಕೆಂಪಾಯಿತು. ಶಾಂತ ಸ್ವಭಾವ ಎಲ್ಲಿ ಹೋಯಿತೋ, ಬಿಂದಿಗೆ ಉರುಳಿಸಿದಳು, ತೊಗರಿ ಚೀಲಕ್ಕೆ ತೂತು ಹಾಕಿದಳು, ಕಂಬ ಹಿಡಿದು ಎದ್ದವಳು ಕಂಬ ಬಿಟ್ಟು ನಡೆದಳು. ನೆರೆಮನೆಯವಳೊಬ್ಬಳು ಮರುಕದಿಂದ, "ಕೂಸಿನ ಬಣ್ಣ ಹೋಯ್ತಲ್ರಿ, ಕಪ್ಪಾಗ್ಯಾಳ" ಎಂದಳು.

"ಕಪ್ಪಲ್ಲ, ಕೆಂಪಾಗ್ಯಾಳ. ನಿನ್ನ ಕೂಸಿನ್ನ ತಗೊಂಡ್ ಬಾ, ರೆಪ್ಪಿ ನೋಡ್ತೇನಿ" ಎಂದರು ನಮ್ಮತ್ತೆ. ನಾನು ಹೆಮ್ಮೆಯಿಂದ ಕಾಕಾನ ಮುಖ ನೋಡಿದೆ. ಅವನು ಹೆಮ್ಮೆಯಿಂದ ಅತ್ತೆಯ ಮುಖ ನೋಡುತ್ತಿದ್ದ.

ಮಳೆ ಹತ್ತಿರವಾಗಿ ಕಾಕಾ ಹೊರಡುವ ಬೆಳಿಗ್ಗೆ ಬಂತು. ಗಾಡಿ ಕಟ್ಟಿತ್ತು. ಅತ್ತೆ ದಾರಿಗೆಂದು ಬುತ್ತಿ ಕಟ್ಟಿ ತಂದು ಇಟ್ಟರು. ಇಟ್ಟ ಮೇಲೂ ಒಳಗೆ ಹೋಗದೆ ಗಾಡಿಯ ಚಕ್ರ ಹಿಡಿದು ನಿಂತರು.

"ಬೀಗ್ರ, ಒಂದು ಮಾತು ಕೇಳ್ತೇನಿ. ನನ್ನ ಮಗ ಹುಟ್ಟೋಕಿಂತ ಮದ್ಲ ನನಗ ಇಬ್ಬರು ಹೆಣ್ಮಕ್ಕಳು ಇದ್ರು. ಎರಡು ವರ್ಷ ತುಂಬಲಿಲ್ಲ ಒಬ್ಬಾಕಿಗೂ. ಅವ್ರೂ ಹಿಂಗೇ ಬೆಳ್ಳಗಾಗಿದ್ರು. ಹಿಂಗೇ ಶಾಂತ ಇದ್ರು. ಗ್ವಾಡಿ ನೆಕ್ತಿದ್ರು. ನಾ ಹಾಲು ಬಿಟ್ಟು ಬ್ಯಾರೆ ಏನೂ ಕೊಡಲಿಲ್ಲ."

ಆ ಮನೆಗೆ ಬಂದು ಇಷ್ಟು ದಿನವಾದರೂ ನನಗೆ ಈ ವಿಷಯ ಗೊತ್ತಿರಲಿಲ್ಲ. ನನ್ನ ಗಂಡನಿಗೂ ಗೊತ್ತಿತ್ತೋ ಇಲ್ಲವೋ. ನಾನು ಕಾಕಾನ ಬಾಯಿಗೆ ಹೆದರಿದೆ. ಯಾರ ಮುಖಕ್ಕೂ ಅಂಜದೆ ಇದ್ದದ್ದನ್ನು ಇದ್ದ ಹಾಗೆ ಹೇಳಿದವನು ಅವನು.

ಕಾಕಾ ಎತ್ತಿನ ಕೊರಳ ಹಗ್ಗವನ್ನು ಬಿಚ್ಚಿ ಮತ್ತೆ ಕಟ್ಟಿದ.

"ಕಡೀಕ ಜ್ವರ ಬಂದಿತ್ತೇನ್ರಿ?"

"ಬಂದಿತ್ತು. ಇಬ್ಬರಿಗೂ."

"ಹಂಗಾರ ಅದು ಜ್ವರದ್ದ್ರಿ ಅಕ್ಕಾರ. ಅದು ಬ್ಯಾರೆ ಜಡ್ಡು. ನಿಮ್ಮ ಹಾಲಿಂದ ಏನೂ ಆಗಿಲ್ಲ."

"ಖರೇನ?"

"ಖರೇನ್ರಿ."

ಗಾಡಿ ಓಣಿ ದಾಟುವವರೆಗೆ ಅತ್ತೆ ಅಲ್ಲೇ ನಿಂತಿದ್ದರು. ಅಂದು ಮಧ್ಯಾಹ್ನ ನಾವಿಬ್ಬರೂ ಜೋಳ ಹಸನು ಮಾಡುತ್ತ ಕೂತಾಗ ಅವರು ತಾವಾಗಿಯೇ ಆ ಇಬ್ಬರ ಹೆಸರು ಹೇಳಿದರು. ದೊಡ್ಡವಳು ಶಿವಮ್ಮ, ಸಣ್ಣವಳು ಬಸಮ್ಮ. ಶಿವಮ್ಮ ತಾಯಿಯ ಸೆರಗು ಹಿಡಿಯದೆ ಮಲಗುತ್ತಿರಲಿಲ್ಲವಂತೆ. ಬಸಮ್ಮನಿಗೆ ಗುಬ್ಬಿಗಳೆಂದರೆ ಪ್ರಾಣವಂತೆ. ಸಂಜೆ ದೀಪ ಹಚ್ಚುವವರೆಗೂ ಅತ್ತೆ ಅವರ ಸುದ್ದಿ ಹೇಳುತ್ತಲೇ ಇದ್ದರು.